ಅಳಿವೆಕೋಟೆ: ನನ್ನ ಕಾದಂಬರಿಯ ಕೋಟೆಪೇಟೆಯ ನಕ್ಷೆ, ಎಲ್ಲಿ ತಪ್ಪಿದೆ ಹೇಳ್ತೀರಾ?

ಬೋಳಾರದ ಓದುಗಿ:
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಒಂದು ಕಾದಂಬರಿ ಬರೀತಾ ಇದ್ದೇನೆ. ಕಥೆ ನಡೆಯುದು ಅಳಿವೆಕೋಟೆ ಅಂತ ಒಂದು ಊರಲ್ಲಿ. ಅಂಥ ಊರು ಎಲ್ಲಿಯೂ ಇಲ್ಲ, ನಾನೇ ಕಟ್ಟಿದ್ದು, ಆದ್ರೆ ಓದಿದವರಿಗೆ ಇದು ಮಂಗಳೂರು ಉಡುಪಿ ನಡುವೆ ಎಲ್ಲಿಯೋ ಇತ್ತು, ನಾವು ದಿನಾ ಬಸ್ಸಲ್ಲಿ ದಾಟುವ ಯಾವುದೋ ಸೇತುವೆಯ ಕೆಳಗೆ ಇತ್ತು ಅಂತ ಅನ್ನಿಸ್ಬೇಕು. ಕಾಲ 1650ರ ಆಚೀಚೆ.

ನಕ್ಷೆ ಹೀಗುಂಟು. ಗೋಡೆ ಸರೀ ವೃತ್ತ, ಸುತ್ತಳತೆ 2 ಕಿಲೋಮೀಟರ್, ಎತ್ತರ 6 ಮೀಟರ್, ದಪ್ಪ 2 ಮೀಟರ್. ನಾಲ್ಕು ದಿಕ್ಕಿಗೆ ನಾಲ್ಕು ದೊಡ್ಡ ಬಾಗಿಲು, ಬಾಗಿಲಿಂದ ಬಾಗಿಲಿಗೆ ನೇರ ಎರಡು ರಾಜಬೀದಿ, ಅವು ಕೂಡುವ ಜಾಗದಲ್ಲಿ ಅರಮನೆ, ಅರಮನೆಯ ನೆತ್ತಿಯಲ್ಲಿ ನೂರು ಅಡಿ ಎತ್ತರದ ಕಾವಲುಗೋಪುರ. ಅದರ ಎದುರು ಪೇಟೆ. ಈಶಾನ್ಯಕ್ಕೆ ದೇವಸ್ಥಾನ ಮತ್ತು ಕೆರೆ. ಪಡುವಣ ಬಾಗಿಲ ಹೊರಗೆ ಬಂದರು, ಬಾಗಿಲ ಹತ್ರ ಮೀನು ಮಾರ್ಕೆಟ್. ಎಲ್ಲ ಮನೆಗಳಿಗೂ ಕೆಂಪು ಹೆಂಚು. ಗೋಡೆಯ ಸುತ್ತ ನೀರು ತುಂಬಿದ ಅಗಳು.

ಹನ್ನೊಂದನೇ ಅಧ್ಯಾಯದಲ್ಲಿ ಒಬ್ಬಳು ಹುಡುಗಿ ಮೂಡಣ ಬಾಗಿಲ ಹತ್ರದ ಮನೆಯಿಂದ ರಾತ್ರೋರಾತ್ರಿ ಓಡಿ ಹಡಗು ನಿಲ್ಲುವ ದಕ್ಕೆ ಸೇರ್ಬೇಕು, ಬೆಳಗಾಗುವ ಮೊದಲು ಹೊರಡುವ ಹಡಗು ಹತ್ತಬೇಕು. ಇಡೀ ರಾತ್ರಿ ಓಡ್ತಾಳೆ, ಅಡಗ್ತಾಳೆ, ಮತ್ತೆ ಓಡ್ತಾಳೆ. ಓದಿದ ನನ್ನ ತಮ್ಮ ಹೇಳಿದ, ಅಕ್ಕ ಚಂದ ಉಂಟು, ಆದ್ರೆ ಅವಳು ಎಲ್ಲಿದ್ದಾಳೆ ಅಂತ ನನಗೆ ಒಮ್ಮೆಯೂ ಗೊತ್ತಾಗ್ಲಿಲ್ಲ ಅಂತ. ಆ ಮಾತು ಕೇಳಿದ ಮೇಲೆ ನಿದ್ದೆ ಬರ್ತಾ ಇಲ್ಲ. ದಯವಿಟ್ಟು ಮುಲಾಜಿಲ್ಲದೆ ಹೇಳಿ.

ಪಣಂಬೂರು ಕಡಲು:
ಹೆಸರು ತುಂಬ ಇಷ್ಟ ಆಯ್ತು. ಅಳಿವೆ ಅಂದ ಕೂಡ್ಲೇ ನಮಗೆ ಬೆಂಗ್ರೆ ಕೊಡಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕಡಲಿಗೆ ಸೇರುವ ಜಾಗ ಕಣ್ಣಿಗೆ ಬರ್ತದೆ. ಆದ್ರೆ ಅಕ್ಕ, ನಿಮ್ಮ ಅಷ್ಟು ವಿವರದಲ್ಲಿ ನದಿಯೇ ಇಲ್ಲ. ಊರಿನ ಹೆಸರಲ್ಲೇ ಇರುವ ನದಿ ಎಲ್ಲಿ?

ಮುರಕಲ್ಲು:
ಮೇಲಿನವರು ಹೇಳಿದ್ದು ಸರಿ, ಅಲ್ಲಿಂದಲೇ ಸುರು ಮಾಡ್ಬೇಕು. ನಾನು ಮನೆ ಕಟ್ಟಿಸುವ ಕೆಲಸದಲ್ಲಿ ಇರುವವ, ಯಾವ ಜಾಗಕ್ಕೆ ಹೋದ್ರೂ ಮೊದಲು ಕೇಳುದು ಮಳೆಗಾಲದಲ್ಲಿ ಇಲ್ಲಿ ನೀರು ಯಾವ ಕಡೆ ಹೋಗ್ತದೆ ಅಂತ. ನಿಮ್ಮ ಊರಿಗೂ ಅದೇ ಪ್ರಶ್ನೆ.

ಲೆಕ್ಕ ಹಾಕಿ ನೋಡಿದೆ. ಸುತ್ತಳತೆ 2 ಕಿಲೋಮೀಟರ್ ಅಂದ್ರೆ ಒಳಗಿನ ಜಾಗ ಸುಮಾರು 32 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಎಂಬತ್ತು ಎಕರೆಗೆ ಚೂರು ಕಡಿಮೆ. ಆಟಿ ತಿಂಗಳಲ್ಲಿ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬರುದು ನಮ್ಮಲ್ಲಿ ದೊಡ್ಡ ಸುದ್ದಿ ಏನಲ್ಲ. ಆ ಒಂದೇ ದಿನ ನಿಮ್ಮ ಗೋಡೆಯ ಒಳಗೆ ಬೀಳುವ ನೀರು 32,000 ಘನ ಮೀಟರ್, ಅಂದ್ರೆ ಮೂರು ಕೋಟಿ ಇಪ್ಪತ್ತು ಲಕ್ಷ ಲೀಟರ್. ಈಗ ಗೋಡೆಯ ಕಲ್ಲಿನ ಲೆಕ್ಕ ನೋಡಿ, 2000 ಮೀಟರ್ ಉದ್ದ, 6 ಎತ್ತರ, 2 ದಪ್ಪ, ಒಟ್ಟು 24,000 ಘನ ಮೀಟರ್. ಗೋಡೆಯಲ್ಲಿ ಎಷ್ಟು ಕಲ್ಲು ಉಂಟೋ ಅದಕ್ಕಿಂತ ಜಾಸ್ತಿ ನೀರು ಒಂದು ಹಗಲು ರಾತ್ರಿಯಲ್ಲಿ ಒಳಗೆ ಬರ್ತದೆ, ಹೋಗ್ಲಿಕ್ಕೆ ದಾರಿ ಇಲ್ಲ. ನಾಲ್ಕು ಬಾಗಿಲೂ ಮುಚ್ಚಿದ್ರೆ ನಿಮ್ಮದು ಕೋಟೆ ಅಲ್ಲ ಅಕ್ಕ, ಕೆರೆ. ಬಯಲುಸೀಮೆಯಲ್ಲಿ ಈ ನಕ್ಷೆ ನಡೀಬಹುದು, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಲ್ಲಿ ನಡೆಯುದಿಲ್ಲ.

ಹಾಗಾಗಿ ಮೊದಲು ಒಂದು ತೋಡು, ಅಂದ್ರೆ ನೀರು ಹರಿಯುವ ಸಣ್ಣ ಕಾಲುವೆ, ಬರೀರಿ. ಎತ್ತರದ ಬದಿಯಿಂದ ತಗ್ಗಿನ ಬದಿಗೆ, ಊರಿನ ನಡುವೆ. ಗೋಡೆಯನ್ನು ತೋಡು ದಾಟುವಲ್ಲಿ ಗೋಡೆಯ ಬುಡದಲ್ಲಿ ಒಂದು ತೂಬು. ಬೀದಿಗಳೆಲ್ಲ ಈ ತೋಡಿನ ಮಾತು ಕೇಳ್ಬೇಕು, ನೇರ ಗೆರೆ ಎಳೆದ್ರೆ ಕೇಳುದಿಲ್ಲ.

ಇನ್ನೊಂದು, ಕಲ್ಲು ಎಲ್ಲಿಂದ ತಂದ್ರಿ? ಮುರಕಲ್ಲು ಅಂತ ಇಟ್ಟುಕೊಳ್ಳುವ, ನಮ್ಮಲ್ಲಿ ಬೇರೆ ಎಂತ ಉಂಟು, ಬೇಕಲ ಕೋಟೆಯೂ ಅದೇ, ಮಿರ್ಜಾನ್ ಕೋಟೆಯೂ ಅದೇ. ನೆಲದಿಂದ ಕಡಿಯುವಾಗ ಮೆದು, ಗಾಳಿ ಬಿಸಿಲು ತಾಗ್ತಾ ಗಟ್ಟಿ ಆಗ್ತದೆ. 1807ರಲ್ಲಿ ಬುಕಾನನ್ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಇಟ್ಟಿಗೆಯ ಲ್ಯಾಟಿನ್ ಪದದಿಂದಲೇ, ಇಟ್ಟಿಗೆ ಹಾಗೆ ಕಡಿಯಬಹುದಲ್ಲ. 24,000 ಘನ ಮೀಟರ್ ಕಲ್ಲು ತೆಗೆದ್ರೆ ಅಷ್ಟೇ ದೊಡ್ಡ ಹೊಂಡ ಉಳೀತದೆ. ನಾಲ್ಕು ಮೀಟರ್ ಆಳ ಅಂತ ಹಿಡಿದ್ರೆ ಒಂದೂವರೆ ಎಕರೆ ಅಗಲದ ಹೊಂಡ, ಒಡೆದು ಹಾಳಾದ ಕಲ್ಲು ಬಿಟ್ಟೇ ಈ ಲೆಕ್ಕ. ಆ ಕಲ್ಲುಕೋರೆಯೇ ನಿಮ್ಮ ಕೆರೆ ಆಗ್ಬೇಕು. ಈಶಾನ್ಯದಲ್ಲಿ ಚಂದ ಕಾಣ್ತದೆ ಅಂತ ಅಲ್ಲ, ಕಲ್ಲು ಅಲ್ಲಿತ್ತು ಅಂತ.

ಬೋಳಾರದ ಓದುಗಿ:
ಮುರಕಲ್ಲು ಅಣ್ಣ, ನಿಮ್ಮ ಲೆಕ್ಕ ಎರಡು ಸಲ ಓದಿದೆ. ಗೋಡೆ ಮತ್ತು ಕೆರೆ ಒಂದೇ ತಾಯಿಯ ಮಕ್ಕಳು ಅಂತ ನನಗೆ ಹೊಳೆದೇ ಇರ್ಲಿಲ್ಲ. ಇದು ಕಥೆಗೆ ಬರ್ತದೆ, ಖಂಡಿತ ಬರ್ತದೆ.

ಬಾರ್ಕೂರು ಸೀಮೆಯವ:
ನಾನು ಬಾರ್ಕೂರಿನ ಹತ್ರದವ, ಚಿಕ್ಕಂದಿನಿಂದ ಕೋಟೆಯ ಗುಡ್ಡೆ ಮೇಲೆ ಆಡಿದವ, ಹಾಗಾಗಿ ಈ ವಿಷಯ ನನಗೆ ಮನೆ ವಿಷಯದ ಹಾಗೆ.

ಮೊದಲನೇದು, ತುಳುನಾಡಲ್ಲಿ ಊರು ಅಂದ್ರೆ ಮನೆಗಳು ಒತ್ತೊತ್ತಾಗಿ ಇರುದಲ್ಲ. ಬೈಲಿನ, ಅಂದ್ರೆ ತಗ್ಗಿನ ಗದ್ದೆಗಳ ಬದಿಯಲ್ಲಿ ಒಂದು ಮನೆ, ಅದರ ತೋಟ, ಆಮೇಲೆ ಗುಡ್ಡೆ, ಗುಡ್ಡೆ ಆಚೆ ಇನ್ನೊಂದು ಮನೆ. ಘಟ್ಟದ ಮೇಲಿನ ಹಾಗೆ ಊರಿಗೊಂದು ಅಗಸೆ, ಅಗಸೆ ಒಳಗೆ ಎಲ್ಲ ಮನೆ ಅಂತ ಇಲ್ಲಿ ಇಲ್ಲ. ಬಂದರು ಮತ್ತು ರಾಜಧಾನಿ ಇದ್ದಲ್ಲಿ ಮಾತ್ರ ಜನ ಹತ್ರ ಹತ್ರ ಕೂತದ್ದು. ಹಾಗಾಗಿ ಅಳಿವೆಕೋಟೆಗೆ ಹೊರಗಿನಿಂದ ಬರುವ ಒಬ್ಬ ಬೈಲಿನವನಿಗೆ ಇಷ್ಟು ಒತ್ತೊತ್ತು ಮನೆ ನೋಡಿ ಉಸಿರು ಕಟ್ಟಬೇಕು. ಅದನ್ನು ಬರೀರಿ.

ಎರಡನೇದು, ಬೀದಿ ಬೇಡ, ಕೇರಿ ಇರ್ಲಿ. ಆಳುಪರ ರಾಜಧಾನಿ ಆಗಿದ್ದ ಬಾರ್ಕೂರಿನಲ್ಲಿ ಇವತ್ತಿಗೂ ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಅಂತಲೇ ಹೇಳುದು. ಒಂದೊಂದು ಕೇರಿಗೆ ಅದರದ್ದೇ ದೇವಸ್ಥಾನ ಅಥವಾ ಬಸದಿ, ಅದರದ್ದೇ ಬಾವಿ, ಅದರದ್ದೇ ಮರ್ಯಾದೆ. ಕತ್ತಲೆ ಬಸದಿ ನೋಡದಿದ್ರೆ ಒಮ್ಮೆ ಬಂದು ನೋಡಿ, ಮಧ್ಯಾಹ್ನ ಒಳಗೆ ನಿಂತ್ರೆ ಆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಬೇಕಾಗಿಲ್ಲ. ಊರಿನ ನಡುವೆ ಒಂದು ಕೂಡುರಸ್ತೆ, ಅದರಲ್ಲಿ ಅರಮನೆ, ಎಲ್ಲರೂ ಅದನ್ನೇ ನೋಡ್ತಾ ಬದುಕುದು, ಇದು ನಮ್ಮ ಊರುಗಳ ಸ್ವಭಾವ ಅಲ್ಲ. ಹತ್ತು ಕೇರಿ ಅಕ್ಕಪಕ್ಕ ಕೂತು ಒಂದು ಪಟ್ಟಣ ಆದದ್ದು.

ಅರಮನೆ ಅಂತಲೂ ಬೇಡ ಅಂತ ನನ್ನ ಅಭಿಪ್ರಾಯ. ಬೀಡು ಅನ್ನಿ. ಅದನ್ನು ನಡುವಿನಿಂದ ತೆಗೆದು ಎತ್ತರದ ಬದಿಗೆ ಹಾಕಿ.

ಪಣಂಬೂರು ಕಡಲು:
ನಾಲ್ಕು ದಿಕ್ಕಿಗೂ ಮೂಡು, ಪಡು, ತೆಂಕು, ಬಡಗು ಅಂತಲೇ ಇಡಿ ಅಕ್ಕ. ಮೂಡುಶೆಡ್ಡೆ ಪಡುಶೆಡ್ಡೆ, ತೆಂಕ ಎರ್ಮಾಳು ಬಡಾ ಎರ್ಮಾಳು, ನಮ್ಮ ಊರುಗಳ ಹೆಸರಲ್ಲೇ ದಿಕ್ಕು ಉಂಟು. "ಈಶಾನ್ಯಕ್ಕೆ" ಅಂತ ಇಲ್ಲಿ ವಾಸ್ತುವಿನವರು ಬಿಟ್ಟು ಯಾರೂ ದಾರಿ ಹೇಳುದಿಲ್ಲ.

ಜೆಪ್ಪು ಹೆಂಚು:
ಒಂದೇ ಮಾತು. 1650ರಲ್ಲಿ ಆ ಕೆಂಪು ಹೆಂಚು ಇಲ್ಲ. ನಾವು ಮಂಗಳೂರು ಹೆಂಚು ಅಂತ ಹೇಳುವ ಚಪ್ಪಟೆ ಹೆಂಚು ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು. ಅದಕ್ಕೆ ಮೊದಲು ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು ಅಥವಾ ತೆಂಗಿನ ಮಡಲು, ಇದ್ದವರಿಗೆ ಕೈಯಲ್ಲಿ ಮಾಡಿದ ಓಡಿನ ಹೆಂಚು. ನೀವು ಬೋಳಾರದವರು, ನದಿ ಬದಿಯ ಹೆಂಚಿನ ಕಾರ್ಖಾನೆಗಳ ಚಿಮಿಣಿ ನೋಡಿಯೇ ಬೆಳೆದಿರ್ತೀರಿ, ಹಾಗಾಗಿ ಕೆಂಪು ಮಾಡು (ಛಾವಣಿ) ಇಲ್ಲದ ಊರು ಊಹಿಸುದು ಕಷ್ಟ, ನನಗೂ ಕಷ್ಟವೇ. ಆದ್ರೆ ನಿಮ್ಮ ಊರು ಮೇಲಿನಿಂದ ಕೆಂಪು ಕಾಣ್ಬಾರ್ದು, ಹುಲ್ಲಿನ ಕಂದು ಬಣ್ಣ ಕಾಣ್ಬೇಕು. ಮತ್ತೆ ಒತ್ತೊತ್ತು ಹುಲ್ಲಿನ ಮಾಡು ಅಂದ ಮೇಲೆ ಸುಗ್ಗಿಯ ನಂತರ ಬೆಂಕಿಯ ಹೆದರಿಕೆ. ಕೋವಿಮದ್ದಿನ ಮನೆಯನ್ನು ಕೇರಿಯಿಂದ ದೂರ, ನೆಲದ ಅಡಿಗೆ ಹಾಕಿ.

ಬೋಳಾರದ ಓದುಗಿ:
ಹೆಂಚಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮೊದಲ ಪುಟದ ಮೊದಲ ವಾಕ್ಯವೇ ಮಳೆಯಲ್ಲಿ ನೆನೆದ ಕೆಂಪು ಮಾಡುಗಳು ಅಂತ. ತೆಗೀತೇನೆ. ಮಳೆ ಬಿದ್ದಾಗ ಮುಳಿಹುಲ್ಲು ಬಿಡುವ ವಾಸನೆ ನನ್ನ ಅಜ್ಜಿಮನೆಯ ಹಟ್ಟಿಯಲ್ಲಿ ಗೊತ್ತುಂಟು ನನಗೆ, ಅದರಿಂದಲೇ ಸುರು ಮಾಡ್ತೇನೆ.

ಬಂದರು ಮತ್ತು ದಕ್ಕೆ ಬಗ್ಗೆ ಗೊತ್ತಿರುವವರು ಯಾರಾದ್ರೂ ಹೇಳಿ, ಅದೇ ನನಗೆ ಹೆಚ್ಚು ಬೇಕಾದದ್ದು.

ದಕ್ಕೆ ಮನೆಯವ:
ನಮ್ಮ ಮನೆಯವರು ಮೂರು ತಲೆಮಾರು ನೀರಿನವರು. ಹೇಳ್ತೇನೆ, ಸ್ವಲ್ಪ ಉದ್ದ ಆದೀತು.

ಮೀನು ಮಾರ್ಕೆಟ್ ಮತ್ತು ಮೀನು ಒಣಗಿಸುವ ಜಾಗ ಪಡುಬಾಗಿಲ ಎದುರು ಇಡ್ಬೇಡಿ. ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದ ನೆಲಕ್ಕೆ ಬೀಸ್ತದೆ, ಊರಿಡೀ ವಾಸನೆ. ಒಣಗಿಸುದು ನದಿಯ ಆಚೆ ಬೆಂಗ್ರೆಯಲ್ಲಿ, ಹೊಯಿಗೆ ಅಂದ್ರೆ ಮರಳಿನ ಮೇಲೆ. ಕಡಲಿಗೂ ನದಿಗೂ ನಡುವೆ ಉದ್ದಕ್ಕೆ ಮಲಗಿದ ಹೊಯಿಗೆಪಟ್ಟಿ ಇಲ್ಲದೆ ನಮ್ಮ ಕಡೆ ಅಳಿವೆಯೇ ಇಲ್ಲ, ನಿಮ್ಮ ಬಂದರು ನೇರ ಕಡಲ ಬದಿಯಲ್ಲಿ ಇರುದಲ್ಲ, ಈ ಬೆಂಗ್ರೆಯ ಮರೆಯಲ್ಲಿ, ನದಿಯ ಒಳಗೆ. ಹಳೆ ಮಂಗಳೂರು ಬಂದರು ಹಾಗೆಯೇ, ಹಂಗಾರಕಟ್ಟೆ ಹಾಗೆಯೇ.

ಅಳಿವೆ ಒಂದೇ ಜಾಗದಲ್ಲಿ ನಿಲ್ಲುದಿಲ್ಲ, ಅದು ನಡೀತದೆ. ಒಂದು ಮಳೆಗಾಲ ನದಿ ಜೋರು ಬಂದ್ರೆ ಹೊಯಿಗೆ ಒಡೆದು ಹೊಸ ಬಾಯಿ, ಹಳೆ ಬಾಯಿ ಮುಚ್ಚಿ ಹೋಗ್ತದೆ. ಈಗಿನ ಹಾಗೆ ಕಲ್ಲು ಹಾಕಿ ಹಿಡಿದು ನಿಲ್ಲಿಸುವ ಕಾಲ ಅಲ್ಲ ಅದು. ನಿಮ್ಮ ಕೋಟೆ ಕಟ್ಟಿದವರು ಬಾಯಿಗೆ ಎದುರಾಗಿ ಬುರುಜು ಕಟ್ಟಿರ್ತಾರೆ, ಐವತ್ತು ವರ್ಷ ಆಗುವಾಗ ಬಾಯಿ ಬಡಗು ಬದಿಗೆ ಹೋಗಿ ಆ ಬುರುಜು ಬರೀ ಹೊಯಿಗೆ ನೋಡ್ತಾ ನಿಂತಿರ್ತದೆ. ಜನ ಅದಕ್ಕೆ ಕುರುಡು ಬುರುಜು ಅಂತ ಹೆಸರಿಟ್ಟಿರ್ತಾರೆ. ಕಾವಲು ಹಾಕುವವರೂ ಇಲ್ಲ, ಕಾಣ್ಲಿಕ್ಕೆ ಎಂತ ಉಂಟು ಅಲ್ಲಿ.

ನೂರು ಅಡಿ ಗೋಪುರವೂ ಬೇಡ. ಬೋಳೂರಿನ ಸುಲ್ತಾನ್ ಬತ್ತೇರಿ ನೋಡಿ, 1784ರಲ್ಲಿ ಟಿಪ್ಪು ಕಟ್ಟಿಸಿದ್ದು, ಫಲ್ಗುಣಿ ನದಿಗೆ ಹಡಗು ನುಗ್ಗದ ಹಾಗೆ ಕಾಯುದು ಅದರ ಕೆಲಸ, ಎತ್ತರ ಎಷ್ಟುಂಟು? ನದಿ ಬದಿಯಲ್ಲೇ ತಗ್ಗಿಗೆ ಕೂತಿದೆ, ಅಡಿಯಲ್ಲಿ ಮದ್ದು ಇಡುವ ಜಾಗ, ಗೋಡೆಯಲ್ಲಿ ಕೋವಿಯ ಕಿಂಡಿ. ದೂರ ಕಾಣ್ಬೇಕಾದ್ರೆ ಗುಡ್ಡೆಯೇ ಸಾಕು. ಮಂಗಳೂರಿನ ಬಾವುಟಗುಡ್ಡೆಯ ಹೆಸರಲ್ಲೇ ಬಾವುಟ ಉಂಟಲ್ಲ. ನಿಮ್ಮ ಊರಿಗೂ ಒಂದು ಬಾವುಟದ ಕಂಬ ಕೊಡಿ, ಗೋಪುರ ಯಾಕೆ.

ಪರವೂರ ವ್ಯಾಪಾರಿಗಳ ಕೇರಿ ಗೋಡೆಯ ಹೊರಗೆ ದಕ್ಕೆಯ ಪಕ್ಕ ಇರ್ಲಿ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಪಾರಸಿ ದೇಶದ ಮತ್ತು ಯೆಮನ್‌ನ ವ್ಯಾಪಾರಿಗಳು ಇಳೀತಾರೆ, ಕಾಳುಮೆಣಸು ಶುಂಠಿ ಧಾರಾಳ ಉಂಟು, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಪಟ್ಟಣದ ಪಕ್ಕದ ಒಂದು ಭಾಗದಲ್ಲಿ ಇದ್ದಾರೆ ಅಂತ ಬರ್ದಿದ್ದಾನೆ. ನಮ್ಮ ಕರಾವಳಿಯ ಶಾಸನಗಳಲ್ಲಿ ಹಂಜಮಾನ ಅಂತ ಬರ್ತದಲ್ಲ, ಅದು ಇವರ ಕೂಟ. ಹಾಗಾಗಿ ಒಂದು ಮರದ ಕೆತ್ತನೆಯ ಪಳ್ಳಿ, ಅಂದ್ರೆ ಮಸೀದಿ, ದಕ್ಕೆಯ ಹತ್ರ ಬೇಕೇ ಬೇಕು.

ಕೊನೆಗೆ ಹಡಗು ಹೊರಡುವ ಹೊತ್ತು. ಮಳೆಗಾಲದಲ್ಲಿ ಹೊರಡುದೇ ಇಲ್ಲ, ಕಡಲು ಮುಚ್ಚಿರ್ತದೆ. ಚಳಿಗಾಲ ಅಂತ ಇಟ್ಟುಕೊಳ್ಳಿ. ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸ್ತದೆ, ಹಾಯಿ ಹಡಗು ಆಗ ಹೊರಡುದು. ಆದ್ರೆ ಅಳಿವೆಯ ಹೊಯಿಗೆ ದಿಣ್ಣೆ ದಾಟ್ಲಿಕ್ಕೆ ಭರತದ ನೀರು, ಅಂದ್ರೆ ಕಡಲು ಉಕ್ಕಿದ ಹೊತ್ತಿನ ನೀರು ಬೇಕು. ಎರಡೂ ಒಟ್ಟಿಗೆ ಸಿಗ್ಬೇಕು. ಭರತ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದೆ, ತಿಥಿಗೂ ಭರತದ ಗಂಟೆಗೂ ಗಂಟು ಉಂಟು, ಕಥೆ ಬರೆಯುವವರು ಬೇಕಾದ ದಿನ ಬೇಕಾದ ಗಂಟೆಗೆ ಭರತ ಇಡ್ಲಿಕ್ಕೆ ಆಗುದಿಲ್ಲ. ನೀವು ಅಮಾವಾಸ್ಯೆ ರಾತ್ರಿ ಅಂತ ಬರ್ದಿದ್ದೀರಾ?

ಬೋಳಾರದ ಓದುಗಿ:
ಹೌದು, ಅಮಾವಾಸ್ಯೆ. ಕತ್ತಲೆ ಬೇಕಿತ್ತು.

ದಕ್ಕೆ ಮನೆಯವ:
ಶುಕ್ಲ ಅಷ್ಟಮಿಯ ಆಚೀಚೆ ಮಾಡಿ. ಚಂದ್ರ ನಡುರಾತ್ರಿಗೆ ಮುಳುಗ್ತಾನೆ, ಮತ್ತೆ ಕತ್ತಲೆಯೇ, ನಮ್ಮ ಕಡೆ ಭರತವೂ ಬೆಳಗಿನ ಜಾವದ ಹತ್ರ ಬರ್ತದೆ. ಅಷ್ಟಮಿಗೆ ನೀರಿನ ಏರು ಕಡಿಮೆ, ಹಾಗಾಗಿ ತುಂಬ ಹೇರಿದ ಹಡಗು ಬೇಡ, ಅರ್ಧ ಹೇರಿದ ಮಂಜಿ, ನಮ್ಮ ಕಡೆಯ ಹಾಯಿ ಹಡಗು, ಇರ್ಲಿ.

ಕುಂದಾಪ್ರದ ಮಾಣಿ:
ಹ್ವಾಯ್ ಅಕ್ಕ, ಬಾಗ್ಲ ಕತೆ ಎಂತ? ನಾಲ್ಕು ಬಾಗ್ಲು ಯಾಕೆ ಮಾರಾಯ್ರೆ, ಕೋಟೆಗೆ ಬಾಗ್ಲು ಜಾಸ್ತಿ ಆದಷ್ಟೂ ಕಾವಲು ಜಾಸ್ತಿ. ಎರಡು ಸಾಕು, ಘಟ್ಟದಿಂದ ಎತ್ತು ಬರುವ ಮೂಡುಬಾಗಿಲು, ನೀರಿಗೆ ಹೋಗುವ ದಕ್ಕೆಬಾಗಿಲು. ತೆಂಕಿಗೆ ಒಂದು ದಿಡ್ಡಿ ಇರ್ಲಿ, ಒಬ್ಬ ಬಗ್ಗಿ ಹೋಗುವಷ್ಟು.

ಮತ್ತೆ ಬಾಗಿಲಿಂದ ನೇರ ರಸ್ತೆ ಒಳಗೆ ಹೋಗ್ಬಾರ್ದು. ಚಿತ್ರದುರ್ಗ ನೋಡಿದ್ದೀರಲ್ಲ, ಒಂದು ಬಾಗಿಲು ದಾಟಿದ್ರೆ ಎದುರಿಗೆ ಗೋಡೆ, ತಿರುಗಬೇಕು, ಮತ್ತೆ ತಿರುಗಬೇಕು, ಆನೆ ಓಡಿ ಬಂದು ಗುದ್ದಲಿಕ್ಕೆ ಜಾಗವೇ ಸಿಗುದಿಲ್ಲ. ಬೇಕಲದಲ್ಲಿಯೂ ಒಳಗೆ ಹೋಗುವ ದಾರಿ ಸೊಟ್ಟ. ಆ ಕೋಟೆ ಇಕ್ಕೇರಿಯ ಶಿವಪ್ಪ ನಾಯಕನದ್ದು, ಸುಮಾರು 1650, ನಿಮ್ಮ ಕಾಲವೇ. ಗೋಡೆಯ ಕಿಂಡಿಗಳನ್ನು ಸರಿಯಾಗಿ ನೋಡಿ ಬನ್ನಿ, ಮೇಲಿನ ಕಿಂಡಿ ದೂರದವರಿಗೆ, ಕೆಳಗಿನ ಕಿಂಡಿ ಬುಡಕ್ಕೆ ಬಂದವರಿಗೆ.

ನಮ್ಮ ಬಸ್ರೂರಿಗೆ 1665ರಲ್ಲಿ ಶಿವಾಜಿ ಬಂದು ಲೂಟಿ ಮಾಡಿದ್ದು ಕಡಲಿಂದ, ಹಡಗಿನಲ್ಲಿ. ಅಕ್ಕಿ ಹೇರುವ ಶ್ರೀಮಂತ ಬಂದರು ಅದು. ನಿಮ್ಮ ಕಥೆಯ ಜನ ಯಾವ ಕಡೆಗೆ ಕಣ್ಣಿಟ್ಟು ಮಲಗ್ತಾರೆ ಅಂತ ಇದರಿಂದ ಗೊತ್ತಾಗ್ಬೇಕು. ಮೂಡು ಬದಿ ಕಾವಲಿನವ ತೂಕಡಿಸಿಯಾನು, ಪಡು ಬದಿಯವ ತೂಕಡಿಸ.

ಓದುಗ ಮಾತ್ರ:
ನಾನು ಬರೆಯುವವನಲ್ಲ, ಓದುವವ. ಒಂದು ಮಾತು ಬೇಸರ ಮಾಡ್ಬೇಡಿ. ನೀವೆಲ್ಲ ಹೇಳುದು ಕೇಳಿ ಖುಷಿಯೇ ಆಗ್ತಾ ಉಂಟು, ಆದ್ರೆ ಇಷ್ಟೂ ಕಾದಂಬರಿಯಲ್ಲಿ ಬಂದ್ರೆ ನಾನು ಪುಸ್ತಕ ಮುಚ್ತೇನೆ. ಓದುವವನಿಗೆ ಊರಿಡೀ ಬೇಡ, ಮೂರು ಗುರುತು ಕೊಡಿ ಸಾಕು. ಮತ್ತೆ ಮೂಡುಬಾಗಿಲಿಂದ ಪಡುಬಾಗಿಲಿಗೆ ಎಷ್ಟು ದೂರ ಅಂತ ಯಾರೂ ಕೇಳ್ಲಿಲ್ಲ. ಸುತ್ತಳತೆ 2 ಕಿಲೋಮೀಟರ್ ಆದ್ರೆ ಅಡ್ಡಕ್ಕೆ 640 ಮೀಟರ್ ಕೂಡ ಇಲ್ಲ. ಹಂಪನಕಟ್ಟೆಯ ಟ್ರಾಫಿಕ್ಕಲ್ಲಿಯೂ ಎಂಟು ಹತ್ತು ನಿಮಿಷದ ನಡಿಗೆ. ಅವಳು ಇಡೀ ರಾತ್ರಿ ಓಡುದು ಎಲ್ಲಿಗೆ?

ಬಾರ್ಕೂರು ಸೀಮೆಯವ:
ದೂರದ ಮಾತು ಸರಿ. ಆದ್ರೆ ಮೂರು ಗುರುತು ಸಾಕು ಅನ್ನುದನ್ನು ನಾನು ಒಪ್ಪುದಿಲ್ಲ. ಬರೆಯುವವರಿಗೆ ಇಡೀ ಊರು ಗೊತ್ತಿದ್ರೆ ಮಾತ್ರ ಆ ಮೂರು ಯಾವುದು ಅಂತ ಆರಿಸ್ಲಿಕ್ಕೆ ಆಗುದು. ಗೊತ್ತಿಲ್ಲದೆ ಆರಿಸಿದ್ರೆ ಅರಮನೆ, ಗೋಪುರ, ದೇವಸ್ಥಾನ, ಇದೇ ಮೂರು ಬರ್ತದೆ, ಎಲ್ಲ ಕಥೆಯಲ್ಲಿಯೂ ಇರುವ ಮೂರು.

ಓದುಗ ಮಾತ್ರ:
ಅದು ನ್ಯಾಯದ ಮಾತು.

ರಥಬೀದಿಯ ಅಕ್ಕ:
ಉಡುಪಿಯವಳು ನಾನು. ರಥಬೀದಿ ಹಾಕದೆ ಊರು ಮುಗಿಸ್ಬೇಡಿ. ನಮ್ಮಲ್ಲಿ ಕೃಷ್ಣಮಠ, ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಅಷ್ಟ ಮಠಗಳು, ಎಲ್ಲ ಆ ಒಂದು ಬೀದಿಯ ಸುತ್ತ. ಬೀದಿಯ ಅಗಲ ನಿರ್ಧಾರ ಮಾಡಿದ್ದು ಜನ ಅಲ್ಲ, ತೇರು. ತೇರು ತಿರುಗಲಿಕ್ಕೆ ಎಷ್ಟು ಬೇಕೋ ಅಷ್ಟು. ನಿಮ್ಮ ಊರಲ್ಲಿ ಬೇರೆ ಎಲ್ಲ ಓಣಿ ಇಬ್ಬರು ಎದುರು ಬಂದ್ರೆ ಭುಜ ತಾಗುವ ಹಾಗೆ ಇರ್ಲಿ, ತೇರಿನ ಬೀದಿ ಒಂದೇ ಅಗಲ. ತೇರಂತೂ ಕೋಟೆಯ ಸೊಟ್ಟ ಬಾಗಿಲಲ್ಲಿ ಯಾವತ್ತೂ ಹೊರಗೆ ಹೋಗ್ಲಿಕ್ಕಿಲ್ಲ, ಅದು ಆ ಊರಲ್ಲೇ ಹುಟ್ಟಿ ಆ ಊರಲ್ಲೇ ಹಳತಾಗುವ ವಸ್ತು. ಉತ್ಸವ ಇಲ್ಲದಾಗ ಮಡಲಿನ ತಟ್ಟಿ ಕಟ್ಟಿ ಮುಚ್ಚಿಟ್ಟಿರ್ತಾರೆ, ರಾತ್ರಿ ನೋಡಿದ್ರೆ ಯಾರೋ ದೊಡ್ಡವರು ಕಂಬಳಿ ಹೊದ್ದು ನಿಂತ ಹಾಗೆ ಕಾಣ್ತದೆ. ನಾನು ಚಿಕ್ಕವಳಿದ್ದಾಗ ಅದನ್ನು ನೋಡಿ ಹೆದರಿ ಅಮ್ಮನ ಸೆರಗು ಹಿಡೀತಿದ್ದೆ.

ಓಡುವ ಹುಡುಗಿಗೆ ಆ ಅಗಲದ ಬೀದಿ ದಾಟುದೇ ಎಲ್ಲಕ್ಕಿಂತ ಕಷ್ಟ, ಅಡಗಲಿಕ್ಕೆ ಜಾಗ ಇಲ್ಲ.

ಮತ್ತೆ ಒಂದು ನಾಗಬನ. ಗೋಡೆ ಕಟ್ಟುವಾಗ ದಾರಿಯಲ್ಲಿ ನಾಗಬನ ಬಂದ್ರೆ ಕಡಿಯುವವರು ಯಾರು? ಗೋಡೆಯೇ ಬಾಗಬೇಕು. ಸರೀ ವೃತ್ತ ಅಂತ ಬರ್ದಿದ್ದೀರಲ್ಲ, ಆ ವೃತ್ತ ಅಲ್ಲಿ ಮುರೀಲಿ.

ಮುರಕಲ್ಲು:
ಅಕ್ಕ ಹೇಳಿದ್ದು ಎಷ್ಟು ಸತ್ಯ. ಈಗಲೂ ಸೈಟಲ್ಲಿ ಬನ ಬಂದ್ರೆ ಪ್ಲಾನೇ ಬದಲು ಮಾಡುದು, ಬನ ಅಲ್ಲ.

ಬೋಳಾರದ ಓದುಗಿ:
ಎರಡು ದಿನ ಕೂತು ಪುನಃ ಬರೆದೆ. ಈಗ ಅಳಿವೆಕೋಟೆ ಹೀಗುಂಟು.

ಮೂಡಿಗೆ ಪದವು, ಅಂದ್ರೆ ಎತ್ತರದ ಬಯಲು ಗುಡ್ಡೆ, ಪಡುವಿಗೆ ತಗ್ಗು. ನದಿ ಬಡಗು ಬದಿಯಿಂದ ಬಳಸಿ ಬಂದು ಬೆಂಗ್ರೆಯ ಮರೆಯಲ್ಲಿ ಕಡಲು ಸೇರ್ತದೆ. ಗೋಡೆ ವೃತ್ತ ಅಲ್ಲ, ಮಾವಿನಕಾಯಿಯ ಹಾಗೆ, ತೊಟ್ಟು ಪದವಿನ ಕಡೆ, ಮೂತಿ ನೀರಿನ ಕಡೆ. ತೆಂಕು ಬದಿಯಲ್ಲಿ ನಾಗಬನದ ಸುತ್ತ ಗೋಡೆ ಒಳಕ್ಕೆ ಬಾಗಿದೆ, ಬನ ಹೊರಗೆ ಉಳಿದಿದೆ, ಅದಕ್ಕೆ ಹಾಲೆರೆಯಲಿಕ್ಕೆ ಅಂತಲೇ ಅಲ್ಲಿ ದಿಡ್ಡಿಬಾಗಿಲು. ಪದವಿನ ಮೇಲೆ ಬೀಡು, ಬಾವುಟದ ಕಂಬ. ಬೀಡಿನ ಕೆಳಗೆ ಕಲ್ಲುಕೋರೆಯ ಕೆರೆ, ಕೆರೆಯ ಒಂದು ಮೂಲೆಯಲ್ಲಿ ಕಡಿದು ಅರ್ಧಕ್ಕೆ ಬಿಟ್ಟ ಕಲ್ಲುಗಳು ಇವತ್ತಿಗೂ ಹಾಗೇ ಇವೆ, ಮಕ್ಕಳು ಅದರ ಮೇಲಿಂದ ಹಾರುದು. ಕೆರೆಯಿಂದ ತೋಡು ಇಳಿದು ಊರಿನ ನಡುವೆ ಒಂದು ಸಣ್ಣ ಬೈಲಿಗೆ ನೀರು ಕೊಟ್ಟು, ಗೋಡೆಯ ಬುಡದ ತೂಬಲ್ಲಿ ನದಿಗೆ. ಮೂಡುಕೇರಿ, ಬಸದಿಕೇರಿ, ತೇರಿನ ಬೀದಿ, ಎಣ್ಣೆಕೇರಿ. ದಕ್ಕೆಬಾಗಿಲ ಹೊರಗೆ ಹಂಜಮಾನದವರ ಕೇರಿ, ಪಳ್ಳಿ. ತೆಂಕಪಡು ಮೂಲೆಯಲ್ಲಿ ಕುರುಡು ಬುರುಜು.

ಹುಡುಗಿಯ ದಾರಿ: ಮೂಡುಕೇರಿಯಿಂದ ಮುರಕಲ್ಲಿನ ಮೆಟ್ಟಿಲು ಇಳಿದು, ತೇರಿನ ಹಿಂದೆ ಮರೆಯಾಗಿ, ಬೀದಿ ದಾಟಿ, ತೋಡಿಗೆ ಇಳಿದು, ತೂಬಲ್ಲಿ ತೂರಿ ಹೊರಗೆ. ಬಾಗಿಲು ರಾತ್ರಿ ಮುಚ್ಚಿರ್ತದೆ, ದಿಡ್ಡಿಗೂ ಬೀಗ. ತೂಬೇ ಗತಿ. ಓದುಗ ಮಾತ್ರ ಅವರು ಹೇಳಿದ ಮೂರು ಗುರುತೂ ಆರಿಸಿದ್ದೇನೆ, ರಾತ್ರಿ ಆದ್ದರಿಂದ ಕಾಣುವ ಗುರುತು ಅಲ್ಲ. ಕಾಲಿಗೆ ಮುರಕಲ್ಲಿನ ತರಿ, ಆಮೇಲೆ ಎಣ್ಣೆಕೇರಿಯ ಗಾಣದ ಹಿಂಡಿ ವಾಸನೆ, ಆಮೇಲೆ ಪಡುವಣದ ಕಡಲಿನ ಸದ್ದು ಹತ್ರ ಬರುದು.

ದೂರ ಎಂಟು ನಿಮಿಷದ್ದೇ. ಇಡೀ ರಾತ್ರಿ ಹೇಗೆ ತುಂಬಿಸುದು ಅಂತ ಮಾತ್ರ ಗೊತ್ತಾಗ್ತಾ ಇಲ್ಲ.

ದಕ್ಕೆ ಮನೆಯವ:
ತುಂಬಿಸಬೇಕಾಗಿಯೇ ಇಲ್ಲ ಅಕ್ಕ, ನೀರೇ ತುಂಬಿಸ್ತದೆ. ನೋಡಿ, ತೂಬು ನದಿಗೆ ಬಿಡುದು, ಅಳಿವೆಯ ಹತ್ರದ ನದಿ. ಭರತದ ಹೊತ್ತಿಗೆ ತೂಬಿನ ಬಾಯಿ ನೀರಲ್ಲಿ ಮುಳುಗಿರ್ತದೆ, ಆಗ ತೂರ್ಲಿಕ್ಕೆ ಆಗುದಿಲ್ಲ. ಇಳಿತಕ್ಕೆ ಮಾತ್ರ ತೂರ್ಬಹುದು. ಆದ್ರೆ ಮಂಜಿ ಹೊರಡುದು ಭರತಕ್ಕೆ. ಇಳಿತದಿಂದ ಭರತಕ್ಕೆ ಆರು ಗಂಟೆ ಚಿಲ್ಲರೆ. ಅವಳು ನಡುರಾತ್ರಿ ಚಂದ್ರ ಮುಳುಗುವ ಹೊತ್ತಿಗೇ ಹೊರಗೆ ಬಂದಿರ್ಬೇಕು, ಬೆಳಗಿನ ಜಾವದವರೆಗೆ ಗೋಡೆಯ ಹೊರಗೆ ಕೂತು ಕಾಯ್ಬೇಕು.

ಓದುಗ ಮಾತ್ರ:
ಈ ಅಧ್ಯಾಯ ನಾನು ಓದ್ತೇನೆ.

ಪಣಂಬೂರು ಕಡಲು:
ಎಲ್ಲಿ ಕೂತುಕೊಳ್ಳುದು? ನದಿ ಬದಿಯ ಕಾಂಡ್ಲ ಗಿಡಗಳ ನಡುವೆ ಆಗ್ಲಿಕ್ಕಿಲ್ಲ, ನೀರು ಏರ್ತದೆ, ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ.

ಕುಂದಾಪ್ರದ ಮಾಣಿ:
ಕುರುಡು ಬುರುಜಿನ ಬುಡದಲ್ಲಿ ಕಾಣಿ! ಹೊಯಿಗೆ ಎತ್ತರ, ಕಾವಲು ಇಲ್ಲ.

ಬೋಳಾರದ ಓದುಗಿ:
ಕೈ ನಡುಗ್ತಾ ಉಂಟು ನನಗೆ, ನಿಜವಾಗಿ. ಯಾರಿಗೂ ಬೇಡದ ಬುರುಜು ಅವಳನ್ನು ಕಾಯ್ತದೆ.

ಮುರಕಲ್ಲು:
ಒಂದು ವಿಷಯ ಬಿಟ್ಟುಹೋಯ್ತು. ಚಳಿಗಾಲ ಅಂದ್ರಿ, ಒಳಗೆ ಬೈಲು ಉಂಟು ಅಂದ್ರಿ, ಹಾಗಾದ್ರೆ ಸುಗ್ಗಿ ಬೆಳೆ ನಿಂತಿರ್ತದೆ. ಆ ಹೊತ್ತಿಗೆ ತೂಬಿಗೆ ಹಲಗೆ ಹಾಕಿ ಮಣ್ಣು ಮೆತ್ತಿರ್ತಾರೆ, ನಮ್ಮ ಕಿಂಡಿ ಅಣೆಕಟ್ಟಿಗೆ ಹಾಕ್ತೇವಲ್ಲ ಹಾಗೆ, ಇಲ್ಲದಿದ್ರೆ ಭರತಕ್ಕೆ ಉಪ್ಪುನೀರು ಒಳಗೆ ನುಗ್ತದೆ. ಅವಳು ತೂರ್ಬೇಕಾದ್ರೆ ಹಲಗೆ ತೆಗೀಬೇಕು. ತೆಗೆದು ಹಾಗೇ ಬಿಟ್ಟು ಹೋದ್ರೆ ಆರು ಗಂಟೆಯಲ್ಲಿ ಬೈಲಿಡೀ ಉಪ್ಪು, ಬಾವಿಗಳೂ ಹಾಳು.

ರಥಬೀದಿಯ ಅಕ್ಕ:
ಅಯ್ಯೋ. ಹಾಗಾದ್ರೆ ಅವಳು ಎಂತ ಮಾಡ್ತಾಳೆ?

ಬೋಳಾರದ ಓದುಗಿ:
ವಾಪಸ್ ಹಾಕ್ತಾಳೆ. ಹೊರಗಿನಿಂದ, ಕತ್ತಲೆಯಲ್ಲಿ, ಕೈಗೆ ಸಿಕ್ಕಿದ ಕೆಸರು ಮೆತ್ತಿ. ಅವಳ ಅಪ್ಪನ ಗದ್ದೆ ಆ ಬೈಲಲ್ಲೇ ಉಂಟು.

ಮುರಕಲ್ಲು:
ಕೆಸರು ಬರೀ ಮೆತ್ತಿದ್ರೆ ನಿಲ್ಲುದಿಲ್ಲ, ಹುಲ್ಲು ಸೇರಿಸಿ ತುಳೀಬೇಕು. ಹುಲ್ಲು ಎಲ್ಲಿಂದ ತರ್ತಾಳೆ ಅಂತ ನೋಡಿಕೊಳ್ಳಿ.

ಬೋಳಾರದ ಓದುಗಿ:
ತೇರಿಗೆ ಕಟ್ಟಿದ ಮಡಲಿನ ತಟ್ಟಿಯಿಂದ. ಬರುವಾಗಲೇ ಒಂದು ಹಿಡಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿರ್ತಾಳೆ.